ಎದುರು ಮನೆಯ ಗೇಟಿಗೆ ನನ್ನ ಹೆಸರು

ನಮ್ಮ ಎದುರು ಮನೆಯ ಗೇಟಿನ ಕಂಬದಲ್ಲಿ ಕರಿಕಲ್ಲಿನ ಫಲಕವೊಂದಿತ್ತು. ಅದರಲ್ಲಿ ಚಿನ್ನದ ಬಣ್ಣದ ಅಕ್ಷರಗಳಲ್ಲಿ ‘ಸೌಮ್ಯಶ್ರೀ’ ಎಂದು ಕೆತ್ತಿಸಿದ್ದರು. ಸೌಮ್ಯಶ್ರೀ ನಾನು. ಆ ಮನೆ ನನ್ನದಲ್ಲ. ಅದನ್ನು ಕಟ್ಟಿಸಿದವನಿಗೆ ಆ ಹೆಸರಿನ ತಾಯಿಯಾಗಲಿ, ಹೆಂಡತಿಯಾಗಲಿ, ಮಗಳಾಗಲಿ ಇಲ್ಲ. ಹೆಸರಿನಲ್ಲಷ್ಟೇ ನಾನು ಸೌಮ್ಯ, ಕೋಪ ನನಗೆ ಮೂಗಿನ ತುದಿಯಲ್ಲಿ. ಆದ್ದರಿಂದ ಈ ವಿಷಯವನ್ನು ಮೆತ್ತಗೆ ಹೇಳುವುದು ನನ್ನಿಂದಾಗದ ಕೆಲಸ.

ಕಟ್ಟಿಸಿದವನು ವಿಜಯ್‌ಕುಮಾರ್. ಎಂ.ಎ. ಇಂಗ್ಲಿಷ್‌ನಲ್ಲಿ ನನ್ನ ಜೊತೆ ಓದಿದವನು. ಆ ಕಾಲದಲ್ಲಿ ನಾವಿಬ್ಬರೂ ಆಡಿದ ಮಾತನ್ನೆಲ್ಲ ಕೂಡಿಸಿದರೂ ಒಂದು ಲೋಟ ಕಾಫಿ ಆರುವಷ್ಟು ಹೊತ್ತಾಗದು. ಆಮೇಲೆ ಅವನು ಚಾಮರಾಜನಗರದ ಕಡೆ ಕರಿಕಲ್ಲಿನ ವ್ಯಾಪಾರಕ್ಕಿಳಿದು ಚೆನ್ನಾಗಿ ಸಂಪಾದಿಸಿದನಂತೆ, ಮದುವೆ ಮಾತ್ರ ಆಗಲಿಲ್ಲವಂತೆ. ನಾನು ಮದುವೆಯಾಗಿ ಇಲ್ಲೇ ಮೈಸೂರಿನ ಚಾಮರಾಜಪುರಂಗೆ ಬಂದೆ, ಕಾಲೇಜಿನಲ್ಲಿ ಪಾಠ ಮಾಡುತ್ತ ಮಗಳು ಹರ್ಷಿತಾಳನ್ನು ಬೆಳೆಸಿದೆ. ಹೋದ ವರ್ಷ ಎದುರಿನ ಹೆಂಚಿನ ಮನೆಯನ್ನು ಕೆಡವಿ ಮೂರು ಅಂತಸ್ತು ಎಬ್ಬಿಸುವಾಗ, ಯಾರೋ ದುಡ್ಡಿನವರಿರಬೇಕು ಎಂದುಕೊಂಡು ಸುಮ್ಮನಿದ್ದೆ.

ಗೃಹಪ್ರವೇಶಕ್ಕೆ ಇಡೀ ಬೀದಿಯನ್ನು ಕರೆದಿದ್ದರು, ನಾವೂ ಹೋದೆವು. ಫಲಕದ ಮೇಲಿನ ಬಟ್ಟೆ ಸರಿಸಿ ಅವನು ನನ್ನನ್ನೇ ನೋಡುತ್ತ ಭಾಷಣಕ್ಕೆ ನಿಂತ. ನಮಗೆ ಪಠ್ಯವಾಗಿದ್ದ ಒಂದು ಹಳೆಯ ಅಮೆರಿಕನ್ ಕಾದಂಬರಿಯ ಮಾತೆತ್ತಿದ. ಅದರಲ್ಲಿ ಒಬ್ಬ, ತಾನು ಪ್ರೀತಿಸಿದವಳು ಬೇರೆಯವನ ಹೆಂಡತಿಯಾಗಿ ಬಾಳುತ್ತಿರುವ ಕಡೆಗೇ ಮುಖ ಮಾಡಿದ ದೊಡ್ಡ ಬಂಗಲೆಯಲ್ಲಿ ಅವಳಿಗಾಗಿ ಕಾಯುತ್ತಾನೆ. ಅದರ ಮೇಲಿನ ಸೆಮಿನಾರಿನಲ್ಲಿ ನಾನು ಎದ್ದು ನಿಂತು, ಇಂಥ ಗಂಡಸು ನಮ್ಮ ಮೈಸೂರಿನಲ್ಲಿ ಎಲ್ಲಿ ಸಿಗುತ್ತಾನೆ ಎಂದು ಕೇಳಿದ್ದೆನಂತೆ. ಅವತ್ತೇ ಅವನು ಈ ಮನೆಯ ಸಂಕಲ್ಪ ಮಾಡಿದನಂತೆ. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ನಮ್ಮ ಮನೆಯವರು, ಮಹದೇವ ಅಂತ, ಬಲು ಸಾಧು. ಏನು ಮಾಡಬೇಕೋ ತೋಚದೆ ಅವರೂ ತಟ್ಟಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಅವತ್ತಿನಿಂದ ನನ್ನ ಹೆಸರು ನನ್ನದಾಗಿ ಉಳಿಯಲಿಲ್ಲ. ನನಗೆ ಬಂದ ಪಾರ್ಸೆಲ್ಲುಗಳು ಅವನ ಮನೆಗೆ ಹೋದವು, ಅವನೇ ನಗುನಗುತ್ತ ತಂದುಕೊಟ್ಟ. ಆಟೋದವರ ಬಾಯಲ್ಲಿ ‘ಸೌಮ್ಯಶ್ರೀ ಮನೆ ಎದುರಿನ ಮನೆ’ ಎಂದರೆ ಅದು ನನ್ನ ಮನೆ. ಹಾಲಿನ ಬೂತಿನಲ್ಲಿ ಹೆಂಗಸರು ನನ್ನನ್ನು ಪುಣ್ಯವಂತೆ ಎಂದರು. ಹರ್ಷಿತಾ ಕೂಡ, ಇಷ್ಟು ವರ್ಷ ಒಬ್ಬಳನ್ನೇ ನೆನೆಯುವುದು ಸಾಮಾನ್ಯವಾ ಅಮ್ಮ ಎಂದಾಗ ನನಗೆ ನಿಜವಾಗಿ ನೋವಾಯಿತು. ಫಲಕ ತೆಗೆಸಿ ಎಂದು ನಾನು ಫೋನ್ ಮಾಡಿದರೆ ಅವನು ನಕ್ಕ. ನಮ್ಮ ಮನೆಯವರು ಹೋಗಿ ಕೇಳಿದರೆ, ಅದು ಬರೀ ಮನೆಯ ಹೆಸರು, ಊರಿನಲ್ಲಿ ಎಷ್ಟು ಜನ ಸೌಮ್ಯಶ್ರೀಯರಿಲ್ಲ ಎಂದು ಕಾಫಿ ಕೊಟ್ಟು ಕಳಿಸಿದ. ಬೀದಿಯ ಮುಂದೆ ಅದು ನನ್ನ ಹೆಸರು, ತಕರಾರು ಬಂದರೆ ಯಾರದೋ ಹೆಸರು. ಎಂಥ ಖದೀಮ ನೋಡಿ.

ಒಂದು ಭಾನುವಾರ ಬೆಳಿಗ್ಗೆ ನಾನೇ ಹೋದೆ. ಅಮ್ಮ ಬೀದಿಯಲ್ಲಿ ಮಾನ ಕಳೆಯುತ್ತಾಳೆ ಎಂಬ ಭಯಕ್ಕೆ ಹರ್ಷಿತಾಳೂ ಹಿಂದೆಯೇ ಬಂದಳು. ಅವನು ಗೇಟಿನ ಹತ್ತಿರ ಕಾರು ಒರೆಸುತ್ತಿದ್ದ. ಸೊಪ್ಪಿನ ಗಾಡಿಯ ಸುತ್ತ ಅಕ್ಕಪಕ್ಕದವರು ನಿಂತಿದ್ದರು. ನಿಂತಿರಲಿ ಎಂದೇ ನಾನು ದನಿ ಎತ್ತಿದೆ. ಸೆಮಿನಾರಿನಲ್ಲಿ ಆ ಮಾತು ಹೇಳಿದ್ದು ನಾನಲ್ಲ, ನನ್ನ ಪಕ್ಕ ಕೂತಿದ್ದ ಗಿರಿಜಾಂಬಾ ಎಂದೆ. ನಾನು ಹೇಳಿದ್ದು ಬೇರೆ. ಅಷ್ಟು ಪ್ರೀತಿಸುವವನು ಇಡೀ ಕಾದಂಬರಿಯಲ್ಲಿ ಒಂದು ಸಲವಾದರೂ ಅವಳನ್ನು ಊಟ ಆಯಿತಾ ಎಂದು ಕೇಳುವುದಿಲ್ಲ ಎಂದಿದ್ದೆ, ಅದಕ್ಕೆ ಮೇಷ್ಟ್ರ ಕೈಲಿ ಬೈಸಿಕೊಂಡಿದ್ದೆ.

ಅವನು ಬಟ್ಟೆ ಹಿಂಡುತ್ತ, ಮಗುವಿಗೆ ತಿಳಿಹೇಳುವ ಹಾಗೆ ಹೇಳಿದ: “ಇಲ್ಲ ಕಣ್ರೀ, ನೀವೇ ಹೇಳಿದ್ದು. ನಿಮಗೆ ಮರ್ತೋಗಿದೆ.”

ನನ್ನ ಬಾಯಿಂದ ಬಂದ ಮಾತು ಯಾವುದು ಎಂದು ನನಗೇ ಹೇಳಿಕೊಡಲು ಬಂದಿದ್ದ. ನಾನು ಅಲ್ಲೇ ನಿಂತು ಗಿರಿಜಾಂಬಾಳಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಅವಳು ನಜರ್‌ಬಾದ್‌ನಲ್ಲಿ ತಮ್ಮನ ಸಂಸಾರದ ಜೊತೆ ಇದ್ದಾಳೆ, ಮದುವೆ ಕೂಡಿಬರಲಿಲ್ಲ. ಇಂಥ ಗಂಡಸು ಮೈಸೂರಿನಲ್ಲಿ ಎಲ್ಲಿ ಸಿಗುತ್ತಾನೆ ಎಂದು ಸೆಮಿನಾರಿನಲ್ಲಿ ಕೇಳಿದ್ದು ಯಾರು ಎಂದೆ. ಅವಳು ನಕ್ಕಳು.

“ನಾನೇ ಕಣೇ. ಈಗ್ಯಾಕೆ ಅದು?”

ಸೊಪ್ಪಿನ ಗಾಡಿಯ ಹತ್ತಿರ ನಿಂತವರೆಲ್ಲ ಅವನ ಕಡೆ ತಿರುಗಿದರು. ಹರ್ಷಿತಾಗೆ ಕೊಂಕು ತಿಳಿಯದು. ಅವಳು ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದಳು: “ಹಂಗಾದ್ರೆ ಆ ಆಂಟಿ ಹೆಸರೇ ಹಾಕ್ಸಬೇಕಿತ್ತಲ್ವಾ ಅಂಕಲ್?”

ವಿಜಯ್‌ಕುಮಾರನ ಮುಖ ಕೆಂಪಾಯಿತು. ಕೈಯಲ್ಲಿದ್ದ ಬಟ್ಟೆಯನ್ನು ನೆಲಕ್ಕೆ ಎಸೆದ.

“ಯಾರ್ದು, ಆ ಹಲ್ಲುಬ್ಬೀದಾ? ಅವಳ ಮುಖಕ್ಕೆ ಮೂರಂತಸ್ತು ಬೇರೆ ಕೇಡು.”

ನನ್ನ ಅಂಗೈಯಲ್ಲಿ ಫೋನ್ ಇನ್ನೂ ಸ್ಪೀಕರಿನಲ್ಲೇ ಇತ್ತು. ಆ ಕಡೆಯಿಂದ ಕರೆ ಕಡಿಯಿತು. ಗೃಹಪ್ರವೇಶದಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದ ಮೂಲೆಮನೆಯಾಕೆ ಅವನಿಗೆ ಬೆನ್ನು ತಿರುಗಿಸಿ ಹೊರಟುಹೋದರು. ಹರ್ಷಿತಾ ನನ್ನ ಕೈ ಹಿಡಿದುಕೊಂಡಳು. ಪ್ರೇಮ ಪ್ರೇಮ ಎಂದು ಬೀದಿಗೆಲ್ಲ ಹಂಚಿದ್ದು ಓದುವ ಕಾಲದ ನನ್ನ ಮುಖವನ್ನಷ್ಟೇ, ನನ್ನ ಮಾತನ್ನು ಅವನು ಕಿವಿಗೇ ಹಾಕಿಕೊಂಡಿರಲಿಲ್ಲ.

ಮಾರನೆಯ ದಿನ ಕೂಲಿಯವರು ಬಂದು ಫಲಕ ಕಿತ್ತರು. ಹೆಸರಿದ್ದ ಜಾಗದಲ್ಲಿ ಸಿಮೆಂಟು ಮೆತ್ತಿದರು. ನಾನು ಕಿಟಕಿಯಲ್ಲಿ ನಿಂತು ಕೊನೆಯ ತನಕ ನೋಡಿದೆ. ಹೊಟ್ಟೆ ತುಂಬಾ ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ಸಂಜೆ ಗಿರಿಜಾಂಬಾಳಿಗೆ ಫೋನ್ ಮಾಡಿದೆ. ಅವನನ್ನು ಬಾಯಿಗೆ ಬಂದ ಹಾಗೆ ಬೈದೆ. ನೀನೂ ನಾಲ್ಕು ಬೈಯೇ, ಮನಸ್ಸು ಹಗುರಾಗುತ್ತದೆ ಎಂದೆ. ಅವಳು ಬೈಯಲಿಲ್ಲ. ಇಷ್ಟು ಮಾತ್ರ ಹೇಳಿದಳು:

“ಅವತ್ತು ಆ ಮಾತು ಹೇಳ್ವಾಗ ನಾನು ಅವನ ಮುಖಾನೇ ನೋಡ್ತಿದ್ದೆ ಕಣೇ.”

ನನಗೆ ಬೈಗುಳ ಮರೆತುಹೋಯಿತು.