ಎಂಬತ್ತು ಅಕ್ಷರದ ಗಡಿ

ಸಹೋದ್ಯೋಗಿ ಕೈಲಾಸ್ ಯಾರೂ ಹೇಳದೆಯೇ ಕೆಲಸ ಮೈಮೇಲೆ ಹಾಕಿಕೊಂಡಾಗಲೇ ಶಾಲಿನಿಯ ಮೂಗಿಗೆ ಮಸಲತ್ತಿನ ವಾಸನೆ ಬಡಿಯಿತು.

ಜಯನಗರದ ಆ ಪುಟ್ಟ ಕಂಪನಿ ಕಲ್ಯಾಣ ಮಂಟಪಗಳ ಬುಕಿಂಗ್ ಸಾಫ್ಟ್‌ವೇರ್ ಬರೆಯುತ್ತಿತ್ತು. ಹೋದ ವಾರ ಪದ್ಮನಾಭನಗರದ ಒಂದೇ ಮಂಟಪಕ್ಕೆ, ಒಂದೇ ಮುಹೂರ್ತಕ್ಕೆ, ಎರಡು ದಿಬ್ಬಣ ಬಂದಿಳಿದಿದ್ದವು. ಯಾರ ತಪ್ಪೆಂದು ಸೋಮವಾರ ನೋಡಿ ಅವರನ್ನು ಮನೆಗೆ ಕಳಿಸುವುದಾಗಿ ಮಾಲೀಕರಾದ ಗುರುಶಾಂತಪ್ಪ ಗುಡುಗಿದ್ದರು. ಹುಡುಕುವುದೇನೂ ಕಷ್ಟವಲ್ಲ, ಕೋಡಿನ ಪ್ರತಿ ಸಾಲಿನ ಪಕ್ಕದಲ್ಲೂ ಅದನ್ನು ಕೊನೆಗೆ ಮುಟ್ಟಿದವರ ಹೆಸರಿರುತ್ತದೆ. ಶಾಲಿನಿಯ ಕೆಲಸ ಕಾಯಂ ಆಗಲು ಇನ್ನೂ ಒಂದು ತಿಂಗಳಿತ್ತು. ಹೊಸಬಳ ತಲೆಗೇ ಕಟ್ಟಿಬಿಟ್ಟರೆ?

ಇಂಥ ಹೊತ್ತಿನಲ್ಲಿ, ಶುಕ್ರವಾರದ ಮೀಟಿಂಗಿನಲ್ಲಿ, ಕೈಲಾಸ್‌ಗೆ ಸಾಲುಗಳ ಉದ್ದದ ಚಿಂತೆ!

“ಒಂದು ಸಾಲಿಗೆ ಎಂಬತ್ತು ಅಕ್ಷರ, ಅಷ್ಟೇ. ಲ್ಯಾಪ್‌ಟಾಪಲ್ಲಿ ಪೂರ್ತಿ ಕಾಣ್ಬೇಕಲ್ವಾ? ಹಳೇ ಫೈಲೆಲ್ಲಾ ಭಾನುವಾರ ನಾನೇ ಕೂತು ಕತ್ತರಿಸ್ಕೊಡ್ತೀನಿ.”

“ಎಂಬತ್ತು ಯಾವ ಕಾಲದ್ದು ಗುರು? ನೂರಿಪ್ಪತ್ತಾದ್ರೂ ಇರ್ಲಿ. ನನ್ ಸ್ಕ್ರೀನು ಗಾಂಧಿ ಬಜಾರಷ್ಟು ಉದ್ದ ಇದೆ,” ಎಂದ ಪಕ್ಕದ ಯುವರಾಜ್. ಆಮೇಲೆ ಕಂಡಕ್ಟರ್ ದನಿ ತೆಗೆದ: “ಯಾರ್ರೀ ಅದು ಎಂಬತ್ತೊಂದನೇ ಅಕ್ಷರ? ಫುಟ್‌ಬೋರ್ಡಲ್ಲಿ ನೇತಾಡ್ಬೇಡಿ, ಇಳೀರಿ! ಹಿಂದ್ಗಡೆ ಸಾಲು ಖಾಲಿ ಬರ್ತಿದೆ!”

ಎಲ್ಲರೂ ನಕ್ಕರು, ಶಾಲಿನಿಯೊಬ್ಬಳನ್ನು ಬಿಟ್ಟು. ಸಾಲು ಕತ್ತರಿಸಿದವನ ಹೆಸರೇ ಅದಕ್ಕೆ ಅಂಟಿಕೊಳ್ಳುತ್ತದೆ. ಸೋಮವಾರ ನೋಡಿದರೆ ಎಲ್ಲೆಲ್ಲೂ ಕೈಲಾಸ್, ಕೈಲಾಸ್. ತಪ್ಪು ಮಾಡಿದವರ ಹೆಸರು ಅದರಡಿ ಮುಚ್ಚಿಹೋಗುತ್ತದೆ. ಹಳೆಯ ಹೆಸರುಗಳನ್ನು ಅಗೆದು ತೆಗೆಯುವಷ್ಟು ತಾಳ್ಮೆ ಗುರುಶಾಂತಪ್ಪನವರಿಗೆಲ್ಲಿ? ಕಳ್ಳ ಇವನೇ!

“ಎಂಬತ್ತೇ ಇರ್ಲಿ ಸಾರ್,” ಎಂದಳು ಗುರುಶಾಂತಪ್ಪನವರತ್ತ ತಿರುಗಿ, ಸಕ್ಕರೆ ಬೆರೆಸಿದ ದನಿಯಲ್ಲಿ. “ಹೊಸದಾಗಿ ಬರೆಯೋದಕ್ಕೆ ಮಾತ್ರ. ಹಳೇದನ್ನ ಯಾರೂ ಮುಟ್ಟೋದು ಬೇಡ.”

“ಒಳ್ಳೇ ಮಾತಮ್ಮ. ಹಾಗೇ ಮಾಡಿ,” ಎಂದು ಗುರುಶಾಂತಪ್ಪ ತಮ್ಮ ಕೋಣೆಗೆ ಹೋದರು.

ಕೈಲಾಸನ ಮುಖ ಬಿಳುಚಿಕೊಂಡಿತು. ಶಾಲಿನಿ ಒಳಗೊಳಗೇ ಹಿಗ್ಗಿ, ತನ್ನ ಜಾಗಕ್ಕೆ ಬಂದು, ಮುಹೂರ್ತ ಖಾಲಿಯಿದೆಯೇ ಎಂದು ಪರೀಕ್ಷಿಸುವ ಫೈಲು ತೆರೆದಳು. ಒಂದು ಸಾಲು ಪರದೆಯ ಅಂಚು ದಾಟಿ ಎಲ್ಲಿಗೋ ಹೋಗಿತ್ತು. ಬಲಕ್ಕೆ ಸರಿಸಿದಳು. ನೂರಹತ್ತನೆಯ ಅಕ್ಷರದ ಆಚೆ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ, ತಪ್ಪು ಕೂತಿತ್ತು. ಪಕ್ಕದಲ್ಲಿ ಹೆಸರು: ಶಾಲಿನಿ.

“ಸಮಾಧಾನ ಆಯ್ತಾ?” ಬೆನ್ನ ಹಿಂದೆ ಕೈಲಾಸ್ ಪಿಸುಗುಟ್ಟಿದ. “ಅದನ್ನ ಚೆಕ್ ಮಾಡಿದ್ದು ನಾನು. ಬಲಕ್ಕೆ ಸರಿಸ್ದೇನೇ ಓಕೆ ಅಂದ್ಬಿಟ್ಟಿದ್ದೆ. ಕತ್ತರಿಸಿದ್ರೆ ಇಬ್ರೂ ಉಳ್ಕೋತಿದ್ವಿ.”

“ಇಬ್ರೂನಾ? ನೀನೊಬ್ನೇನಾ?”

“ನಿನ್ ಹೆಸರು ಅಳಿಸೋಕೆ ಹೋದೆ ನೋಡು, ನನಗೆ ಬುದ್ಧಿಯಿಲ್ಲ!”

ಇರಬಹುದು. ಆದರೆ ಸೋಮವಾರಕ್ಕೆ ಇನ್ನೂ ಮೂರು ದಿನವಿದೆ. ಅಷ್ಟರಲ್ಲಿ ಇವನು ಯಾರ ಕಿವಿಯಲ್ಲಿ ಏನು ಊದುತ್ತಾನೋ! ಶಾಲಿನಿ ಲ್ಯಾಪ್‌ಟಾಪ್ ಎತ್ತಿಕೊಂಡು ಎದ್ದಳು.

“ಎಲ್ಲಿಗೆ?”

“ಸಾರ್ ಹತ್ರ. ನಾನೇ ತೋರಿಸ್ತೀನಿ.”

“ತಡಿ, ನಾನೂ ಬರ್ತೀನಿ.”

ಜೊತೆಗೆ ನಿಲ್ಲಲು ಬರುತ್ತಿದ್ದಾನೋ, ತನಗಿಂತ ಮೊದಲು ಬಾಯಿ ತೆರೆಯಲೋ? ಹಿಂದಿನ ಹೆಜ್ಜೆಗಳು ಚುರುಕಾದವು. ಶಾಲಿನಿ ಓಡಿದಂತೆಯೇ ನಡೆದು, ಬಾಗಿಲು ಕೂಡ ತಟ್ಟದೆ ಒಳಗೆ ನುಗ್ಗಿದಳು.