ಅಳೆಯದೆ ಉಳಿದ ಒಂದು ಟೈಲ್

೧

ಬಿದ್ದಲ್ಲಿಂದಲೇ ಶುರು ಮಾಡೋಣ ಎಂದುಕೊಂಡಿದ್ದೆ. ಬಚ್ಚಲುಮನೆ, ಬೆಳಗಿನ ಹತ್ತು ಗಂಟೆ, ಮೂವತ್ಮೂರು ವರ್ಷದ ಹೆಂಗಸು, ದಡ್ ಎಂದು ಒಂದು ಸದ್ದು. ಆದರೆ ಆಕೆ ಯಾರು, ಏನು ಎಂದು ಒಂದು ಮಾತೂ ಹೇಳದೆ ಮೊದಲ ಸಾಲಿನಲ್ಲೇ ಕೆಡವಿಬಿಡುವುದು ಯಾವ ಸೀಮೆ ಮರ್ಯಾದೆ? ಆಕೆ ಇನ್ನೂ ಸ್ವಲ್ಪ ಹೊತ್ತು ನಿಂತಿರಲಿ. ಮಗಳಿಂದ ಶುರು ಮಾಡುತ್ತೇನೆ.

(ಮಗಳಿಂದ ಶುರು ಮಾಡಿದರೆ ನಾನು ಇದರೊಳಗೆ ಹೇಗೆ ತಗುಲಿಕೊಂಡೆ ಎಂದೂ ಹೇಳಬೇಕಾಗುತ್ತದೆ. ಹೇಳಿಯೇ ಬಿಡುತ್ತೇನೆ.)

ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯೊಂದು ಪುಸ್ತಕ ತರುವುದರಲ್ಲಿತ್ತು. ಅಲ್ಲಿನ ಹನ್ನೆರಡು ಮಂದಿ ಸಂಶೋಧಕರನ್ನು ‘ನೀವು ಈ ಕೆಲಸಕ್ಕೇ ಯಾಕೆ ಬಂದಿರಿ’ ಎಂದು ಕೇಳಿ, ಉತ್ತರಗಳನ್ನು ಕತೆಯ ಹಾಗೆ ಬರೆದುಕೊಡಬೇಕು. ಎಂಜಿನಿಯರುಗಳು ಬರೆದರೆ ಯಾರೂ ಓದುವುದಿಲ್ಲವೆಂದು ಕತೆಗಾರನಾದ ನನ್ನನ್ನು ಕರೆದರು. (ಕತೆಗಾರರು ಬರೆದರೂ ಯಾರೂ ಓದುವುದಿಲ್ಲ ಎಂಬ ಗುಟ್ಟನ್ನು ನಾನು ಬಿಟ್ಟುಕೊಡಲಿಲ್ಲ.) ಹನ್ನೊಂದು ಮಂದಿ ಸಲೀಸಾಗಿ ಬಾಯಿಬಿಟ್ಟರು. ಒಬ್ಬನ ತಮ್ಮನಿಗೆ ಕಿವಿ ಕೇಳಿಸದು, ಅವನು ಶ್ರವಣಯಂತ್ರ ಮಾಡುತ್ತಿದ್ದ. ಇನ್ನೊಬ್ಬಳು ಚಿಕ್ಕಂದಿನಲ್ಲಿ ಲಿಫ್ಟಿನೊಳಗೆ ಮೂರು ಗಂಟೆ ಸಿಕ್ಕಿಕೊಂಡಿದ್ದಳು, ಈಗ ಲಿಫ್ಟಿನ ಬಾಗಿಲುಗಳದ್ದೇ ಧ್ಯಾನ. ಹನ್ನೆರಡನೆಯವಳು ಮಾತ್ರ ಕೊಟ್ಟ ಫಾರಮ್ಮಿನಲ್ಲಿ ಎರಡೇ ಪದ ಬರೆದಿದ್ದಳು: ‘ನೆಲ ಜಾರಬಾರದು.’

೨

ವಿದ್ಯಾರ್ಥಿಗಳು ಬೆನ್ನ ಹಿಂದೆ ಅವಳನ್ನು ‘ಜಾರುಬಂಡೆ ಮೇಡಂ’ ಎನ್ನುತ್ತಾರೆ. ಅವಳಿಗೂ ಗೊತ್ತು. ಲ್ಯಾಬಿನ ಬಾಗಿಲಿಗೆ ತಾನೇ ಒಂದು ಪುಟ್ಟ ಜಾರುಬಂಡೆಯ ಚಿತ್ರ ಅಂಟಿಸಿಕೊಂಡಿದ್ದಾಳೆ.

ಲ್ಯಾಬ್ ಎಂದರೆ ಗಾಜಿನ ನಳಿಗೆಗಳಿಲ್ಲ, ಹೊಗೆಯಿಲ್ಲ. ಗೋಡೆಯುದ್ದಕ್ಕೂ ಟೈಲ್‌ಗಳು, ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಬರೆದ ಅಂಕಿ. ನಡುವೆ ಒಂದು ಉಪಕರಣ. ಲೋಲಕದ ಹಾಗೆ ತೂಗುವ ಕೈ, ಅದರ ತುದಿಯಲ್ಲಿ ಚಪ್ಪಲಿಯ ಅಟ್ಟೆಯಂಥ ರಬ್ಬರ್ ತುಂಡು. ಟೈಲ್ ಮೇಲೆ ನೀರು ಚಿಮುಕಿಸಿ ಕೈಯನ್ನು ಬಿಟ್ಟರೆ ರಬ್ಬರು ನೆಲವನ್ನು ಸವರಿಕೊಂಡು ಆಚೆ ಏರುತ್ತದೆ, ಮುಳ್ಳು ಒಂದು ಅಂಕಿ ತೋರಿಸುತ್ತದೆ. ಮೂವತ್ತಾರು ದಾಟಿದರೆ ನಡೆದಾಡಲು ಕ್ಷೇಮ. ಇಪ್ಪತ್ತೈದಕ್ಕಿಂತ ಕೆಳಗಿಳಿದರೆ ಅಪಾಯ. ಹದಿನೇಳು ವರ್ಷದಲ್ಲಿ ಅವಳು ಎರಡು ಸಾವಿರಕ್ಕೂ ಹೆಚ್ಚು ಟೈಲ್ ಅಳೆದಿದ್ದಾಳೆ. ಅವಳ ಮಾತು ಕೇಳಿ ಒಂದು ಆಸ್ಪತ್ರೆ ತನ್ನ ಎರಡು ವಾರ್ಡುಗಳ ಬಚ್ಚಲ ನೆಲವನ್ನೇ ಬದಲಿಸಿತು. ಅಲ್ಲಿನ ನರ್ಸಮ್ಮ ಪ್ರತಿ ತಿಂಗಳ ಕೊನೆಗೆ ಫೋನ್ ಮಾಡಿ, "ಈ ತಿಂಗಳೂ ಯಾರೂ ಬಿದ್ದಿಲ್ಲ ಮೇಡಂ" ಎನ್ನುತ್ತಾಳೆ. ಆ ಫೋನ್ ಬಂದ ದಿನ ಅವಳು ಕಾರಿಡಾರಿನಲ್ಲಿ ಗುನುಗಿಕೊಂಡು ಓಡಾಡುತ್ತಾಳಂತೆ.

ಇಷ್ಟು ಸಾಕಲ್ಲ? ಪುಸ್ತಕಕ್ಕೆ ಸಾಕು. ನನಗೆ ಸಾಲದು.

೩

ಮೊದಲ ಕರಡನ್ನು ನನ್ನ ತಲೆಯಿಂದಲೇ ಕಟ್ಟಿದೆ. ಜಾರುವ ನೆಲ ಎಂದಮೇಲೆ ಬಿದ್ದವರು ಯಾರೋ ಇರಲೇಬೇಕು. ಪ್ರೀತಿಯ ಅಜ್ಜಿಯೊಬ್ಬರನ್ನು ಸೃಷ್ಟಿಸಿ, ಕೈಗೊಂದು ಚೊಂಬು ಕೊಟ್ಟು, ಎರಡನೆಯ ಪ್ಯಾರಾದಲ್ಲಿ ಬೀಳಿಸಿದೆ. ಓದಿಕೊಂಡಾಗ ನನ್ನ ಕಣ್ಣೇ ಒದ್ದೆಯಾಯಿತು. ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನ್ ಬಂತು.

"ನಮ್ಮಜ್ಜಿ ಎಂಬತ್ತೇಳು ವರ್ಷ ಬದುಕಿದ್ರು. ಒಂದಿನ ಎಡವಿದ್ದೂ ಇಲ್ಲ. ಅವರನ್ಯಾಕೆ ಬೀಳಿಸಿದ್ರಿ?"

"ಕತೆಗೆ ಬೇಕಿತ್ತು ಮೇಡಂ."

"ನಿಮ್ಮ ಕತೆಗೆ ಬೇಕಿದ್ರೆ ನಿಮ್ಮಜ್ಜೀನ ಬೀಳಿಸಿ."

ಕರಡು ಕಸದಬುಟ್ಟಿಗೆ ಹೋಯಿತು. ಫೋನ್ ಇಡುವ ಮೊದಲು ಅವಳು, "ಬಿದ್ದಿದ್ದು ನಮ್ಮಮ್ಮ" ಎಂದಳು.

೪

ಎರಡನೆಯ ಕರಡು. ಇದರಲ್ಲಿ ನನ್ನ ಕೈವಾಡವಿಲ್ಲ, ಅವಳು ಹೇಳಿದ್ದಷ್ಟೇ.

ಅವಳ ಅಪ್ಪ ಟೈಲ್ಸ್ ಮೇಸ್ತ್ರಿ. ನುರಿತ ಕೆಲಸಗಾರ. ಅವರು ಕೂರಿಸಿದ ನೆಲದ ಮೇಲೆ ರಸಮಟ್ಟ ಇಟ್ಟರೆ ಅದರ ಗುಳ್ಳೆ ನಡುಮಧ್ಯೆ ಬಂದು ನಿಂತುಬಿಡುತ್ತಿತ್ತು. ಊರವರ ಮನೆಗೆಲ್ಲ ಟೈಲ್ ಹಾಕಿದವರ ಸ್ವಂತ ಬಚ್ಚಲು ಮಾತ್ರ ಬರಿಯ ಸಿಮೆಂಟಿನದು. ಮಗಳಿಗೆ ಹನ್ನೊಂದು ವರ್ಷವಾಗಿದ್ದಾಗ, ದೊಡ್ಡ ಕಟ್ಟಡವೊಂದರ ಕೆಲಸದಲ್ಲಿ ಉಳಿದ ನೀಲಿ ಟೈಲ್‌ಗಳನ್ನು ತಂದು ಒಂದು ಭಾನುವಾರವಿಡೀ ಮೊಣಕಾಲೂರಿ ಕೂರಿಸಿದರು. ಫಳಫಳ ಹೊಳೆಯುವ ನೆಲ. ಹೆಂಡತಿಯನ್ನು ಕರೆದು, "ನೋಡು, ನಿನ್ನ ಮುಖ ಕಾಣುತ್ತೆ" ಎಂದರು. ಆಕೆ ಬಗ್ಗಿ ನೋಡಿ, ತಲೆಗೂದಲು ಸರಿಮಾಡಿಕೊಂಡರು.

ಐದು ವಾರದ ಮೇಲೆ ಆಕೆ ಆ ನೆಲದಲ್ಲೇ ಬಿದ್ದರು. (ಈಗ ಬೀಳಿಸಬಹುದು.) ಸೊಂಟದ ಮೂಳೆ ಮುರಿಯಿತು. ಕೂಡಿಕೊಂಡಾಗ ಒಂದು ಕಾಲು ಒಂದು ಇಂಚು ಗಿಡ್ಡವಾಗಿತ್ತು, ಅಂದಿನಿಂದ ಕೋಲು ಹಿಡಿದೇ ನಡಿಗೆ. ಮೇಸ್ತ್ರಿ ಆಸ್ಪತ್ರೆಯಿಂದ ಬಂದವರು ನೀಲಿ ನೆಲದ ಮೇಲೆ ಅಂಗೈಯಿಟ್ಟು ಸವರಿ, "ನನ್ನ ಕೈಯಾರೆ ಮಾಡಿದೆ" ಎಂದರು. ಮಾರನೆಯ ದಿನ ಉಳಿ ಸುತ್ತಿಗೆ ತಂದು ಇಡೀ ನೆಲವನ್ನು ಒಡೆದು ತೆಗೆದರು. ಮಿಕ್ಕಿದ್ದ ಒಂದು ಟೈಲನ್ನು ಹಳೆಯ ಪೇಪರಿನಲ್ಲಿ ಸುತ್ತಿ ಬೀರುವಿನ ಮೇಲಿಟ್ಟರು. ಆಮೇಲೆ ಗಾರೆ ಸವರುವ ಕರಣೆಯನ್ನು ಮುಟ್ಟಲಿಲ್ಲ. ಪೇಂಟ್ ಅಂಗಡಿಯೊಂದರ ಕೌಂಟರಿನಲ್ಲಿ ಡಬ್ಬಗಳನ್ನು ಎತ್ತಿಕೊಡುತ್ತ ವಯಸ್ಸು ಕಳೆದರು.

ಮಗಳು ಎಂಜಿನಿಯರ್ ಆದಳು. ಜಾರದ ನೆಲಗಳ ಬೆನ್ನುಹತ್ತಿದಳು.

ಅಂದವಾದ ಕರಡು. ನಾನೇ ನನ್ನ ಬೆನ್ನು ತಟ್ಟಿಕೊಂಡೆ. ಕಳಿಸಿದೆ. ಮೂರು ದಿನ ಸುದ್ದಿಯಿಲ್ಲ. ನಾಲ್ಕನೆಯ ದಿನ ಅವಳೇ ನನ್ನ ಮನೆಯ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ನನ್ನ ನಾಲ್ಕು ಹಾಳೆ.

"ನಡೆದದ್ದೆಲ್ಲ ಸರಿಯಾಗಿ ಬರೆದಿದ್ದೀರಿ. ಕಾರಣ ಸರಿ ಇಲ್ಲ."

೪ (ತಿದ್ದಿದ್ದು)

ಅವತ್ತು ಬೆಳಿಗ್ಗೆ ಅವಳು ಬಚ್ಚಲಲ್ಲಿ ಕ್ಯಾನ್‌ವಾಸ್ ಶೂ ತೊಳೆಯುತ್ತಿದ್ದಳು. ಸೋಪಿನ ಪುಡಿಯನ್ನು ಒಂದು ಹಿಡಿ ಸುರಿದಿದ್ದಳು, ನೆಲದ ತುಂಬ ನೊರೆ. ಬೀದಿಯಿಂದ ಗೆಳತಿ ಕೂಗಿದಳು. ಬಂದು ತೊಳೆದರಾಯಿತೆಂದು ಓಡಿದಳು. ಹತ್ತು ನಿಮಿಷಕ್ಕೆ ಅಮ್ಮನ ಕೂಗು ಕೇಳಿಸಿತು.

ಅಕ್ಕಪಕ್ಕದವರು ಅಮ್ಮನನ್ನು ಎತ್ತಿಕೊಂಡು ಹೊರಗೆ ಹೋದಾಗ ಮನೆಯಲ್ಲಿ ಅವಳೊಬ್ಬಳೇ. ಒಳಗೆ ಹೋಗಿ ಬಕೆಟ್ ತುಂಬಿ ಸುರಿದಳು. ಇನ್ನೊಂದು ಬಕೆಟ್ ಸುರಿದಳು. ನೊರೆಯ ಒಂದು ಗುಳ್ಳೆಯೂ ಉಳಿಯಲಿಲ್ಲ. ಸಂಜೆ ಅಪ್ಪ ಬಂದು ಅಂಗೈಯಿಟ್ಟದ್ದು ಆ ತೊಳೆದ ನೆಲದ ಮೇಲೆ.

"ಹೇಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಅತ್ತುಬಿಟ್ರು. ಅವರು ಅತ್ತಿದ್ದನ್ನ ನಾನು ಅವತ್ತೇ ಮೊದಲು ನೋಡಿದ್ದು."

ಮೂವತ್ತು ವರ್ಷದಲ್ಲಿ ಅವಳು ಇದನ್ನು ಮೊದಲ ಸಲ ಹೇಳಿದ್ದು ನನ್ನ ಮುಂದೆ, ಅದೂ ಫಾರಂ ತುಂಬಿಸಿಕೊಳ್ಳಲು ಬಂದ ಒಬ್ಬ ಅಪರಿಚಿತನ ಮುಂದೆ. ನಾನು ಸುಮ್ಮನಿರಬೇಕಿತ್ತು. ಒಂದು ಲೋಟ ನೀರು ಕೊಡಬೇಕಿತ್ತು. ಅದು ಬಿಟ್ಟು ಕೇಳಿದೆ:

"ಆ ಟೈಲ್‌ನ ಅಳೆದು ನೋಡಿದ್ರಾ?"

ಎರಡು ಸಾವಿರ ಟೈಲ್ ಅಳೆದವಳು, ಅಪ್ಪನ ಮನೆಯ ಬೀರುವಿನ ಮೇಲಿದ್ದ ಆ ಒಂದನ್ನು ಅಳೆದಿರಲಿಲ್ಲ. ಬರೀ ನೀರಿನಲ್ಲೇ ಇಪ್ಪತ್ತಕ್ಕಿಳಿದರೆ ತಪ್ಪು ಟೈಲಿನದು. ನೀರಿನಲ್ಲಿ ನಲವತ್ತು ಬಂದು, ಸೋಪಿನಲ್ಲಿ ಮಾತ್ರ ಇಳಿದರೆ ತಪ್ಪು ಅವಳದು. ಹತ್ತು ನಿಮಿಷದ ಕೆಲಸ.

(ನಾನು ಯಾಕೆ ಕೇಳಿದೆ ಎಂದು ಪ್ರಾಮಾಣಿಕವಾಗಿ ಹೇಳುತ್ತೇನೆ. ನನ್ನ ಕತೆಗೊಂದು ಅಂತ್ಯ ಬೇಕಿತ್ತು.)

೫

ಮುಂದಿನ ಭಾಗ ನಡೆದಾಗ ನಾನು ಅಲ್ಲಿರಲಿಲ್ಲ. ಅಪ್ಪ, ಅಮ್ಮ, ಮಗಳು ಬೇರೆ ಬೇರೆಯಾಗಿ ಹೇಳಿದ್ದರಲ್ಲಿ ಮೂವರೂ ಒಪ್ಪುವಷ್ಟನ್ನು ಮಾತ್ರ ಬರೆಯುತ್ತಿದ್ದೇನೆ.

ಟೈಲ್ ಬೇಕೆಂದು ಮಗಳು ಕೇಳಿದಾಗ ಮೇಸ್ತ್ರಿ ಯಾಕೆ ಎನ್ನಲಿಲ್ಲ. ಶನಿವಾರ ಬೆಳಿಗ್ಗೆ ತಾವೇ ಹೊತ್ತು ತಂದರು. ಲ್ಯಾಬ್ ನೋಡಬೇಕೆಂದು ಅಮ್ಮನೂ ಕೋಲೂರಿಕೊಂಡು ಜೊತೆಗೆ ಬಂದರು, ಸ್ಟೂಲಿನ ಮೇಲೆ ಕೂತರು. ನೀಲಿ ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಮಗಳು ನೀರು ಚಿಮುಕಿಸಿದಳು. ಐದು ಸಲ ಕೈ ಬಿಟ್ಟಳು. ಐದು ಸಲ ಬರೆದುಕೊಂಡಳು.

"ಎಷ್ಟು?" ಎಂದರು ಮೇಸ್ತ್ರಿ.

"ಮೂವತ್ತೊಂದು."

"ಅಂದ್ರೆ?"

"ಮಧ್ಯಮ ಅಪ್ಪ. ಪೂರ್ತಿ ಕೆಟ್ಟದ್ದೂ ಅಲ್ಲ. ಒಳ್ಳೆಯದೂ ಅಲ್ಲ."

(ಇಂಥ ಅಂಕಿಯನ್ನು ನಾನು ಖಂಡಿತ ಇಡುತ್ತಿರಲಿಲ್ಲ. ಇಪ್ಪತ್ತು ಅಥವಾ ನಲವತ್ತು ಇಟ್ಟು ಕತೆಯನ್ನು ದಡ ಮುಟ್ಟಿಸುತ್ತಿದ್ದೆ.)

ಅಲ್ಲಿಗೆ ನಿಲ್ಲಿಸಬಹುದಿತ್ತು. ಟೈಲ್ ಒರೆಸಿ, ಪೇಪರಿನಲ್ಲಿ ಸುತ್ತಿ, ಎಲ್ಲರೂ ಟೀ ಕುಡಿಯಬಹುದಿತ್ತು. ಮಗಳು ಬ್ಯಾಗಿನಿಂದ ಸೋಪಿನ ಪುಡಿಯ ಪೊಟ್ಟಣ ತೆಗೆದಳು.

"ಸೋಪ್ ಯಾಕಮ್ಮ?" ಎಂದರು ಮೇಸ್ತ್ರಿ. "ಅವತ್ತು ಸೋಪ್ ಇರ್ಲಿಲ್ವಲ್ಲ."

"ಇತ್ತು ಅಪ್ಪ."

ಕಲಸಿದ ನೊರೆಯನ್ನು ಟೈಲ್ ಮೇಲೆ ಸವರಿದಳು. ಲೋಲಕ ಬಿಟ್ಟಳು. ಹನ್ನೆರಡು. ಆಮೇಲೆ ಶೂ, ಗೆಳತಿ, ಎರಡು ಬಕೆಟ್ ನೀರು ಎಲ್ಲವನ್ನೂ ಟೈಲ್ ನೋಡಿಕೊಂಡೇ ಹೇಳಿ ಮುಗಿಸಿದಳು. ಅಪ್ಪನ ಮುಖ ನೋಡಲಿಲ್ಲ.

ಮಾತನಾಡಿದ್ದು ಸ್ಟೂಲಿನ ಮೇಲಿದ್ದ ಅಮ್ಮ.

"ನಂಗೊತ್ತಿತ್ತು ಪುಟ್ಟಿ. ನೊರೆ ನೋಡೇ ಒಳಗೆ ಹೋದೆ. ಅಪ್ಪ ಬಂದು ಬಯ್ಯೋಷ್ಟರಲ್ಲಿ ತೊಳೆದುಬಿಡೋಣ ಅಂತ ಹೋದೆ."

ಮೇಸ್ತ್ರಿ ಹೆಂಡತಿಯ ಕಡೆ ತಿರುಗಿದರು. "ನಿಂಗೂ ಗೊತ್ತಿತ್ತು" ಎಂದರು. ಅಷ್ಟೇ. ಅಂಗಿಯ ತುದಿಯಿಂದ ಟೈಲ್ ಒರೆಸಿ, ಸುತ್ತಿ, ಕಂಕುಳಲ್ಲಿಟ್ಟುಕೊಂಡು ಹೊರಟರು. ಹೆಂಡತಿ ಏಳುವಾಗ ಕೋಲು ಕೈಗೆ ಕೊಡುವುದನ್ನು ಮೂವತ್ತು ವರ್ಷದಲ್ಲಿ ಮೊದಲ ಸಲ ಮರೆತರು.

೭

(ಆರನೆಯದನ್ನು ಬರೆದು ಹರಿದೆ. ಅದರಲ್ಲಿ ಬರೀ ನಾನಿದ್ದೆ, ನನ್ನ ಪಶ್ಚಾತ್ತಾಪವಿತ್ತು. ಯಾರಿಗೆ ಬೇಕು?)

ಅಂತ್ಯ, ಮೊದಲನೆಯ ಬಗೆ: ಅಪ್ಪ ಅರ್ಧ ದಾರಿಯಿಂದ ತಿರುಗಿ ಬಂದು ಮಗಳನ್ನು ತಬ್ಬಿಕೊಳ್ಳುತ್ತಾರೆ.

ಅಂತ್ಯ, ಎರಡನೆಯ ಬಗೆ: ಅಪ್ಪ ಮನೆ ಬಿಟ್ಟು ಹೋಗುತ್ತಾರೆ.

ಇವೆರಡನ್ನೂ ಮಗಳಿಗೆ ಓದಿ ಹೇಳಿದ್ದೆ. ಮರುದಿನ ಅಮ್ಮನ ಫೋನ್.

"ನೀವೇನಾ ಆ ಕತೆ ಬರೆಯೋರು? ನಮ್ಮನೇಲಿ ಯಾರೂ ಯಾರನ್ನೂ ತಬ್ಕೊಳ್ಳಲ್ಲ. ಮನೆ ಬಿಟ್ಟು ಹೋಗೋದಂತೂ ಆಗದ ಮಾತು, ಅವರಿಗೆ ಮಂಡಿನೋವು."

ನಾನು ಕ್ಷಮೆ ಕೇಳಿದೆ. ಆಕೆ ಫೋನ್ ಇಡಲಿಲ್ಲ. ದನಿ ತಗ್ಗಿಸಿದರು.

"ಹನ್ನೊಂದು ವರ್ಷದ ಮಗು ಮೇಲೆ ತಪ್ಪು ಹೇಗೆ ಹಾಕ್ಲಿ ಹೇಳಿ? ಇವರು ದೊಡ್ಡವರು, ತಡ್ಕೋತಾರೆ ಅಂದ್ಕೊಂಡೆ. ಒಂದು ತಿಂಗಳಲ್ಲಿ ಮತ್ತೆ ಕರಣೆ ಹಿಡೀತಾರೆ ಅಂದ್ಕೊಂಡೆ. ಹಿಡೀಲಿಲ್ಲ. ಆಮೇಲೆ ಹೇಳೋಕೆ ಹೋದಾಗೆಲ್ಲ, ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಂತ ಕೇಳಿದ್ರೆ ಏನ್ ಹೇಳ್ಲಿ ಅಂತ ಭಯ. ಒಂದು ವರ್ಷ ಆಯ್ತು, ಹತ್ತು ವರ್ಷ ಆಯ್ತು. ಅವರ ಕೈಕೆಲಸ ನೋಡಿಯೇ ನಾನು ಒಪ್ಕೊಂಡು ಮದುವೆ ಆಗಿದ್ದು, ಗೊತ್ತಾ ನಿಮಗೆ?"

ನನಗೆ ಗೊತ್ತಿರಲಿಲ್ಲ.

೮

ಒಂಬತ್ತು ದಿನ ಮೇಸ್ತ್ರಿ ಹೆಂಡತಿಯ ಜೊತೆ ಮಾತನಾಡಲಿಲ್ಲ. ಬಡಿಸಿದ್ದನ್ನು ತಿಂದು, ತಟ್ಟೆ ತೊಳೆದಿಟ್ಟು, ಜಗಲಿಯಲ್ಲಿ ಕೂರುತ್ತಿದ್ದರು. ಕೋಲನ್ನು ಮಾತ್ರ ಮರೆಯದೆ ಕೈಗೆ ಕೊಡುತ್ತಿದ್ದರು, ಮುಖ ನೋಡದೆ. ಮಗಳ ಫೋನ್ ಎತ್ತಲಿಲ್ಲ. ಮಗಳು ಲ್ಯಾಬಿಗೆ ಬಂದು ಉಪಕರಣದ ಮುಂದೆ ಸುಮ್ಮನೆ ಕೂತಿರುತ್ತಿದ್ದಳು. ತಿಂಗಳ ಕೊನೆಗೆ ನರ್ಸಮ್ಮನ ಫೋನ್ ಬಂದಾಗ, "ಒಳ್ಳೇದಾಯ್ತು" ಎಂದಷ್ಟೇ ಹೇಳಿ ಇಟ್ಟಳು. ಅಂದು ಕಾರಿಡಾರಿನಲ್ಲಿ ಗುನುಗು ಕೇಳಿಸಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಬಂದಾಗ ಲ್ಯಾಬಿನ ಬಾಗಿಲಲ್ಲಿ ಅಪ್ಪ ನಿಂತಿದ್ದರು. ಹೆಗಲಲ್ಲಿ ಹಳೆಯ ಗೋಣಿಚೀಲ.

ಲ್ಯಾಬಿನ ಹಿಂಭಾಗದಲ್ಲಿ, ಜನರನ್ನು ನಡೆಸಿ ಪರೀಕ್ಷಿಸಲೆಂದು ಒಂದು ಬಚ್ಚಲ ನೆಲ ಮಾಡಿಸಿದ್ದಳು. ಕೂಲಿಯವರು ಅವಸರದಲ್ಲಿ ಮಾಡಿ ಹೋಗಿದ್ದರು. ಮೇಸ್ತ್ರಿ ಅದರ ಮೇಲೆ ಒಂದು ಚೊಂಬು ನೀರು ಸುರಿದು, ಕುಕ್ಕರಗಾಲಲ್ಲಿ ಕೂತು ನೋಡಿದರು.

"ವಾಟ ಯಾರು ಕೊಟ್ಟಿದ್ದು ಇದಕ್ಕೆ? ನೀರು ಬಾಗಿಲ ಕಡೆ ಓಡ್ತಿದೆ."

ಚೀಲದಿಂದ ಉಳಿ, ಸುತ್ತಿಗೆ, ಕರಣೆ, ರಸಮಟ್ಟ ಒಂದೊಂದಾಗಿ ಹೊರಬಂದವು. ಮಧ್ಯಾಹ್ನದವರೆಗೆ ಇಬ್ಬರೂ ಹಳೆಯದನ್ನು ಕಿತ್ತರು. ಮಗಳು ಸಿಮೆಂಟ್ ಕಲಸಿದಳು. "ನೀರು ಸಾಕು." "ಆ ತುಂಡು ಕೊಡು." "ಹಿಡ್ಕೋ." ಇಷ್ಟೇ ಮಾತು. ಎರಡನೆಯ ಸಾಲು ಕೂರಿಸುವಾಗ ಮೇಸ್ತ್ರಿ ತಲೆಯೆತ್ತದೆ ಹೇಳಿದರು:

"ಅವತ್ತು ನಾನು ಒಡೆದ್ನಲ್ಲ, ಆ ನೆಲದ ವಾಟ ಸರಿಯಾಗಿತ್ತು."

"ಗೊತ್ತು ಅಪ್ಪ," ಎಂದಳು ಮಗಳು. "ಎರಡೇ ಬಕೆಟ್‌ಗೆ ನೊರೆ ಎಲ್ಲ ಹೋಗಿತ್ತು."

ಮೇಸ್ತ್ರಿಯ ಕರಣೆ ಒಂದು ಗಳಿಗೆ ನಿಂತಿತು. "ಹ್ಞೂಂ" ಎಂದು ಮತ್ತೆ ಕೆಲಸಕ್ಕೆ ಬಾಗಿದರು. ಅವಳು ಮುಖ ತಿರುಗಿಸಿಕೊಂಡು, ಸಿಮೆಂಟಾದ ಕೈಯಲ್ಲೇ ಕಣ್ಣೊರೆಸಿಕೊಂಡಳು. ಹುಬ್ಬಿನ ಮೇಲೆ ಬೂದುಬಣ್ಣದ ಗೆರೆ ಸಂಜೆಯ ತನಕ ಹಾಗೇ ಇತ್ತು.

ಕೊನೆಯದಲ್ಲ

ನಾನು ಲ್ಯಾಬಿಗೆ ಹೋದದ್ದು ಆ ಸಂಜೆ. ಅವಳು ಕೈತೊಳೆಯಲು ಹೋಗಿದ್ದಳು. ಮೇಸ್ತ್ರಿ ಒಬ್ಬರೇ, ಕೊನೆಯ ಸಾಲಿನ ಸಂದುಗಳಿಗೆ ಬಿಳಿ ಸಿಮೆಂಟ್ ತುಂಬುತ್ತಿದ್ದರು. ನನ್ನ ಬಳಿ ಮೂರನೆಯ ಅಂತ್ಯ ತಯಾರಾಗಿತ್ತು, ಹಾಳೆಯನ್ನು ಜೇಬಿನಿಂದ ತೆಗೆದೆ.

"ಮಗಳನ್ನ ಕ್ಷಮಿಸಿದ್ರಿ ಅಂತ ಬರೀಲಾ?"

"ಬರೀಬೇಡಿ."

"ಕ್ಷಮಿಸಿಲ್ಲ ಅಂತ?"

"ಅದನ್ನೂ ಬರೀಬೇಡಿ." ಬೆರಳಿನಿಂದ ಒಂದು ಸಂದನ್ನು ಒತ್ತಿ ಸಮ ಮಾಡಿದರು. "ಮನೇಲಿ ಇವಳಮ್ಮನ ಹತ್ರಾನೂ ಇನ್ನೂ ಮಾತಾಡಿಲ್ಲ. ಮೂವತ್ತು ವರ್ಷ ಅವರಿಬ್ಬರಿಗೂ ಗೊತ್ತಿತ್ತು ಸಾರ್. ನಂಗೆ ಗೊತ್ತಾಗಿ ಹತ್ತು ದಿನ. ನಾನಿನ್ನೂ ಯೋಚನೆ ಮಾಡ್ತಾ ಇದ್ದೀನಿ."

"ಪುಸ್ತಕದವರು ಶುಕ್ರವಾರಕ್ಕೆ ಕೇಳ್ತಿದ್ದಾರೆ."

"ಕೇಳ್ಲಿ," ಎಂದರು ಮೇಸ್ತ್ರಿ. ಆಗಷ್ಟೇ ತಲೆಯೆತ್ತಿ ನನ್ನ ಚಪ್ಪಲಿಗಳನ್ನು ನೋಡಿದರು. "ಕಾಲು ತೆಗೀರಿ ಸಾರ್. ನೀವು ನಿಂತಿರೋ ಜಾಗ ಇನ್ನೂ ಹಸಿ ಇದೆ."