ದಾರಿ ಬಲ್ಲ ಹುಂಜ

ಚೂ ಬುಟ್ಟಿಯೊಳಗೆ ಕೈಹಾಕಿ ಹುಂಜದ ಕಾಲು ಹಿಡಿದದ್ದೇ ತಡ, ಪಾಂಗ್ ಓಡಿಬಂದು ಅವನ ಮಣಿಕಟ್ಟು ಹಿಡಿದಳು.

“ಇದನ್ನ ಬಿಡು.”

“ಅತ್ತಿಗೆ, ಅಣ್ಣನ ಮುಂದೆ ನಡೆಯೋಕೆ ಹುಂಜ ಬೇಡ್ವಾ? ಸೆಂಗಜ್ಜ ಆಗ್ಲೇ ಸತ್ತೋರಿಗೆ ದಾರಿ ಹೇಳೋ ಹಾಡು ಹಾಡೋಕೆ ಕೂತಿದ್ದಾರೆ.”

ಹ್ಮಾಂಗ್ ಬುಡಕಟ್ಟಿನವರ ಮನೆಯಲ್ಲಿ ಸಾವಾದರೆ ಒಂದು ಹುಂಜವೂ ಸಾಯಬೇಕು. ಮುಂದೆ ಹುಂಜ, ಹಿಂದೆ ಸತ್ತವರು. ಹಾಗೆ ಬೆಟ್ಟ ದಾಟಿ ಹಿರಿಯರ ಮನೆ ಸೇರಬೇಕು. ಪಾಂಗ್‌ಳ ಗಂಡ ತುವಾ ಬಿಟ್ಟುಹೋದದ್ದು ಇದೊಂದೇ ಹುಂಜ. ಜುಟ್ಟು, ಚರ್ಮ, ಎಲುಬು ಎಲ್ಲ ಕಪ್ಪು. ಹೋದ ವರ್ಷ ಕೋಳಿರೋಗ ಕಣಿವೆಯನ್ನೇ ಗುಡಿಸಿಹೋದ ಮೇಲೆ ಸುತ್ತಲಿನ ಹನ್ನೊಂದು ಊರಿಗೆ ಉಳಿದ ಅಪ್ಪಟ ಕರಿಹುಂಜವೂ ಇದೊಂದೇ. ಕರಿ ಹೇಂಟೆಗಳು ಅಲ್ಲಲ್ಲಿ ಇದ್ದವು, ಜೋಡಿಗೆ ಮಾತ್ರ ಪೇಟೆಯ ಬಿಳಿಹುಂಜ. ಇದನ್ನು ಕೊಯ್ದರೆ ತಳಿ ಅಲ್ಲಿಗೆ ಮುಗಿಯಿತು.

ಒಳಗೆ ತುವಾನ ದೇಹಕ್ಕೆ ನಾರಿನ ಹೊಸ ಅಂಗಿ ತೊಡಿಸಿ ಮಲಗಿಸಿದ್ದರು. ಎಡಗೈ ಮಾತ್ರ ಎಷ್ಟು ನೀವಿದರೂ ನೆಟ್ಟಗಾಗಲಿಲ್ಲ. ಮಡಚಿಕೊಂಡೇ ಇತ್ತು.

*

ನಲವತ್ತು ವರ್ಷ, ಪ್ರತಿ ಹೊಸವರ್ಷದ ಹಬ್ಬ ಮುಗಿದ ಮಾರನೆಯ ದಿನ ತುವಾ ಎಡಗಂಕುಳಲ್ಲಿ ಹುಂಜ ಇರುಕಿಕೊಂಡು ಊರೂರು ಸುತ್ತಲು ಹೊರಡುತ್ತಿದ್ದ. ಇಲ್ಲಿಯದನ್ನು ಅಲ್ಲಿ ಕೊಡುವುದು, ಅಲ್ಲಿಯದನ್ನು ಇಲ್ಲಿಗೆ ತರುವುದು.

“ಒಂದೇ ಕುಲದೋರು ನಾವು ಮದ್ವೆ ಆಗ್ತೀವಾ? ಕೋಳಿಗೂ ಅಷ್ಟೇ ಕಣೇ. ಒಂದೇ ಮನೇಲಿ ಕೂಡಿಸ್ತಾ ಹೋದ್ರೆ ಮರಿ ಮೊಟ್ಟೇಲೇ ಸಾಯುತ್ತೆ.”

“ಮಗಳಿಗೆ ಗಂಡು ಹುಡುಕೋಕೆ ಇಷ್ಟು ನಡೀಲಿಲ್ಲ ನೀನು,” ಎಂದು ಪಾಂಗ್ ಹಂಗಿಸುತ್ತಿದ್ದಳು.

“ಅವಳಿಗೆ ಕಾಲಿತ್ತು, ಅವಳೇ ಹುಡುಕಿಕೊಂಡ್ಲು.”

ಒಮ್ಮೆ ದಟ್ಟ ಮಂಜಿನಲ್ಲಿ ಮನೆ ಸೇರಿದಾಗ ಅವಳು ಕೇಳಿದ್ದಳು, “ದಾರಿ ತಪ್ಪಲಿಲ್ವಾ? ಹುಂಜ ತೋರಿಸ್ತಾ?”

“ಹುಂಜಕ್ಕೇನು ಗೊತ್ತು ದಾರಿ? ಕರಕೊಂಡು ಬರೋನು ನಾನು!”

*

“ಅಜ್ಜ, ಬಿಳಿಹುಂಜ ತಂದ್ರೆ ಆಗಲ್ವಾ?” ಪಾಂಗ್ ಕೇಳಿದಳು.

ಸೆಂಗಜ್ಜ ಹುಬ್ಬು ಗಂಟಿಕ್ಕಿದ. “ಮಶೀನಲ್ಲಿ ಹುಟ್ಟಿದ್ದು ಅದು. ತಾಯಿ ಮುಖಾನೇ ಕಂಡಿಲ್ಲ, ಇನ್ನು ಹಿರಿಯರ ಮನೆ ತೋರಿಸುತ್ತಾ? ನಿನ್ನ ಗಂಡ ದಿಕ್ಕುತಪ್ಪಿ ಅಲೆದ್ರೆ ಆಮೇಲೆ ನನ್ನ ಕೇಳ್ಬೇಡ.”

ಪಾಂಗ್‌ಗೆ ಹೆದರಿಕೆಯಾಯಿತು. ಬದುಕಿದ್ದಷ್ಟು ದಿನ ಅಲೆದವನು, ಸತ್ತ ಮೇಲೂ ಅಲೆಯಬೇಕೆ? ಗಂಡನ ತಲೆದೆಸೆಯಲ್ಲಿ ಕೂತು ಆ ಎಡಗೈಯನ್ನು ಇನ್ನೊಮ್ಮೆ ನೀವಿದಳು. ಹೊರಗೆ ಬುಟ್ಟಿಯಲ್ಲಿ ಕರಿಹುಂಜ ಕೆದರುವ ಸದ್ದು ಕೇಳುತ್ತಿತ್ತು.

“ಚೂ, ಪಕ್ಕದ ಮನೆ ಬಿಳಿಹುಂಜ ಕೇಳಿ ತಾ,” ಎಂದಳು.

ಅಜ್ಜ ಗೊಣಗಿದ. ಆದರೂ ಬೇಡ ಎನ್ನಲಿಲ್ಲ. ಅವನ ಮನೆಗೂ ಮೂರು ಸಲ ತುವಾ ಹುಂಜ ತಂದುಕೊಟ್ಟಿದ್ದ.

ಕೊಯ್ದ ಬಿಳಿಹುಂಜವನ್ನು ತಲೆದೆಸೆಯಲ್ಲಿಡಲು ಚೂ ಬಗ್ಗಿದ. ಪಾಂಗ್ ಅದನ್ನು ಅವನ ಕೈಯಿಂದ ತೆಗೆದುಕೊಂಡು ಗಂಡನ ಕಿವಿಯ ಹತ್ತಿರ ಬಾಗಿದಳು.

“ನೋಡು, ಇದಕ್ಕೆ ದಾರಿ ಗೊತ್ತಿಲ್ಲ. ನೀನೇ ಕರಕೊಂಡು ಹೋಗು.”

ಸೆಂಗಜ್ಜನ ಹಾಡು ಅರ್ಧಕ್ಕೆ ನಿಂತಿತು. ಅವಳು ಹುಂಜವನ್ನು ಆ ಮಡಚಿದ ಎಡಗೈಯ ಸಂದಿಯಲ್ಲಿಟ್ಟಳು. ಅದು ಅಲ್ಲಿ ಸರಿಯಾಗಿ ಕೂತಿತು.